ಆಟಿಯಲ್ಲಿ ಮದುವೆ ಹಾಲ್ ಖಾಲಿ ಉಂಟಲ್ಲ, ನಡೀಲಿಕ್ಕೆ ಬಿಡಿ

ಸಂಪಾದಕರಿಗೆ ನಮಸ್ಕಾರ,

ಪತ್ರ ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕುದಾದ್ರೆ ಹಾಕಿ, ಆದ್ರೆ ಮಾತ್ರೆ ವಿಷಯ ಬರೆದ ಜಾಗ ಮಾತ್ರ ಕತ್ತರಿಸ್ಬೇಡಿ. ಹೆಸರು ಕೂಡ ಹಾಕ್ಬೇಡಿ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ತಾಯಿಗೆ ಮಂಡೆ ಸರಿ ಇರ್ಲಿಲ್ಲವಂತೆ ಅಂತ ಯಾರಾದ್ರು ಅಲ್ಲಿ ಹೋಗಿ ಹೇಳಿದ್ರೆ ಕತೆ ಅಲ್ಲಿಗೇ ಮುಗೀತು, ನಮ್ಮ ಊರು ನಿಮಗೆ ಗೊತ್ತುಂಟಲ್ಲ.

ವಿಷಯ ಎಂತ ಅಂದ್ರೆ, ಒಂದು ತಿಂಗಳಿಂದ ನಾನಿರುವ ಮೂರು ವಾಟ್ಸಾಪ್ ಗ್ರೂಪಲ್ಲಿ ಒಂದೇ ಮೆಸೇಜ್ ಸುತ್ತು ಹೊಡೀತಾ ಉಂಟು. ‘ಡಿಪ್ರೆಶನ್‌ಗೆ ಮಾತ್ರೆ ಬೇಡ, ದಿನಾ ಬೆಳಿಗ್ಗೆ ಎದ್ದು ಓಡಿ, ಎಂಡಾರ್ಫಿನ್ ಬರ್ತದೆ, ಎಲ್ಲ ಸರಿ ಆಗ್ತದೆ’ ಅಂತ, ಕೆಳಗೆ ಕೈಮುಗಿದ ಚಿತ್ರ ಎರಡು. ಎಂಡಾರ್ಫಿನ್ ಅಂದ್ರೆ ನೋವು ತಗ್ಗಿಸಿ ಹಿತ ಕೊಡುವ, ದೇಹವೇ ಮಾಡುವ ಪದಾರ್ಥ. ಓದಿ ಸಿಟ್ಟೂ ಬಂತು, ಅದ್ರಲ್ಲಿ ಅರ್ಧ ನಿಜ ಉಂಟಲ್ಲ ಮಾರಾಯ್ರೆ ಅಂತ ಕೂಡ ಅನ್ನಿಸ್ತು. ಪೂರ್ತಿ ಸುಳ್ಳಾದ್ರೆ ಡಿಲೀಟ್ ಮಾಡಿ ಸುಮ್ನೆ ಇರ್ಬಹುದಿತ್ತು, ಅರ್ಧ ನಿಜ ಇರುದ್ರಿಂದಲೇ ಕೂತು ಬರೀಬೇಕಾಯ್ತು.

ನಾನು ಲ್ಯಾಬ್ ಟೆಕ್ನಿಷಿಯನ್. ಸೂಜಿ ಹಿಡಿದು 22 ವರ್ಷ ಆಯ್ತು, ಉಡುಪಿಯಲ್ಲೇ ಕೆಲಸ. ನಮ್ಮ ಕೌಂಟರಿಗೆ ಬಂದು ಕೆಲವರು ಮೆಲ್ಲ ಕೇಳ್ತಾರೆ, ‘ಡಿಪ್ರೆಶನ್ ಉಂಟಾ ಇಲ್ವಾ ಅಂತ ಗೊತ್ತಾಗ್ಲಿಕ್ಕೆ ಯಾವ ಬ್ಲಡ್ ಟೆಸ್ಟ್ ಮೇಡಂ?’ ಅಂಥ ಟೆಸ್ಟ್ ಇಲ್ಲ. ಡಾಕ್ಟ್ರು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಬರೆದು ಕಳಿಸ್ತಾರೆ, ಅದು ಬೇರೆ ಎಂತಾದ್ರು ಕಾರಣ ಉಂಟಾ ಅಂತ ನೋಡ್ಲಿಕ್ಕೆ. ರಿಪೋರ್ಟಲ್ಲಿ ಎಲ್ಲ ನಾರ್ಮಲ್ ಬಂದ್ರೆ ಮನೆಯವರು ‘ನೋಡು, ನಿಂಗೆ ಎಂತದೂ ಇಲ್ಲ, ಎಲ್ಲ ನಿನ್ನ ಮನಸ್ಸಲ್ಲೇ’ ಅಂತ ಟೆಸ್ಟಿಗೆ ಬಂದ ಹೆಂಗಸಿಗೆ ನಮ್ಮ ಎದುರೇ ಬೈದುಕೊಂಡು ಕರ್ಕೊಂಡು ಹೋಗ್ತಾರೆ. ಆ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ, ಒಂದಿನ ಅದನ್ನೇ ನಂಗೂ ಹೇಳಿದ್ರು.

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಹೋದ್ರು. ವರ್ಷಾಂತಿಕ ಆಗುವವರೆಗೆ ಬೇಸರ ಇರ್ತದೆ ಅಂತ ಎಲ್ಲರೂ ಹೇಳಿದ್ರು, ನಾನೂ ಹಾಗೇ ತಿಳ್ಕೊಂಡೆ. ಆದ್ರೆ ಬೇಸರ ಬೇರೆ, ಇದು ಬೇರೆ. ಮೂರೂವರೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ, ಫ್ಯಾನ್ ನೋಡ್ತಾ ಬಿದ್ಕೊಳ್ಳುದು. ಬಂಗುಡೆ ಗಸಿ ಎದುರಿಟ್ರೂ ಎರಡು ತುತ್ತು. ಅಳು ಕೂಡ ಬರ್ಲಿಲ್ಲ, ಬಂದಿದ್ರೆ ಒಳ್ಳೆದಿತ್ತು. ನಂದು ತವರು ಶಂಕರಪುರ, ಸಣ್ಣದ್ರಿಂದ ಮಲ್ಲಿಗೆ ಕಟ್ಟಿ ಬೆಳೆದವಳು, ಒಂದು ಚೆಂಡಿಗೆ 800 ಹೂ, ಟಿವಿ ನೋಡ್ತಾ ಕಟ್ಟಿದ್ರೂ ಲೆಕ್ಕ ತಪ್ತಿರ್ಲಿಲ್ಲ. ಆಗ ಅಣ್ಣನ ಮನೆಗೆ ಹೋಗಿ ಕೂತ್ರೆ 40 ಹೂವಿಗೆ ಲೆಕ್ಕ ಹೋಗ್ತಿತ್ತು, ಬಾಳೆನಾರು ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತಿರ್ತಿದ್ದೆ, ಅತ್ತಿಗೆ ಎಂತದೂ ಹೇಳದೆ ನನ್ನ ಬುಟ್ಟಿಯ ಹೂ ತನ್ನ ಬುಟ್ಟಿಗೆ ಹಾಕಿಕೊಳ್ತಿದ್ರು. ಮನೆಯಲ್ಲಿ ಪ್ರಶ್ನೆ ಇಡ್ಸಿದ್ರು, ನಾಗನಿಗೆ ತಂಬಿಲ ಆಯ್ತು, ಬೇಡ ಅಂತ ನಾನು ಹೇಳ್ಳಿಲ್ಲ, ಹೇಳ್ಲಿಕ್ಕೆ ಬೇಕಾದ ಶಕ್ತಿಯೇ ಇರ್ಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ಲ್ಯಾಬಿಗೆ ಒಂದೇ ಹೆಸರಿನ ಇಬ್ರು ಬಂದಿದ್ರು, ನೇರಳೆ ಮುಚ್ಚಳದ ಟ್ಯೂಬಿಗೆ ಒಬ್ರ ಲೇಬಲ್, ಹಳದಿ ಮುಚ್ಚಳದ್ದಕ್ಕೆ ಇನ್ನೊಬ್ರದ್ದು ಅಂಟಿಸಿಬಿಟ್ಟೆ. ಸೆಂಟ್ರಿಫ್ಯೂಜಿಗೆ ಹಾಕುವ ಮೊದ್ಲು ಕಣ್ಣಿಗೆ ಬಿತ್ತು ಪುಣ್ಯಕ್ಕೆ. ಇಬ್ರನ್ನೂ ಪುನಃ ಕೂರ್ಸಿ ರಕ್ತ ತೆಗ್ದೆ, ಕೈ ನಡುಗ್ತಿತ್ತು. ಅವತ್ತು ಸಂಜೆಯೇ ಮನಸ್ಸಿನ ಡಾಕ್ಟ್ರ ಹತ್ರ ಹೋದದ್ದು.

ಅವರು ಎಸ್ಸಿಟಾಲೋಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ ಬರೆದು ಕೊಟ್ರು, ವಾರಕ್ಕೆ ಮೂರು ದಿನ ಆದ್ರೂ ಬೀಸಾಗಿ ನಡೀರಿ ಅಂದ್ರು. ಮಾತ್ರೆ ತಗೊಂಡೆ, ನಡಿಗೆ ಬಿಟ್ಟೆ. ಹಾಸಿಗೆಯಿಂದ ಬಾತ್‌ರೂಮಿಗೆ ಹೋಗ್ಲಿಕ್ಕೆ ಹತ್ತು ಸಲ ಯೋಚನೆ ಮಾಡುವವಳು ಸ್ಟೇಡಿಯಂ ಸುತ್ತು ಹಾಕುದಾ? ಗಂಡ ಹೇಳಿದ್ರು ವಾಕಿಂಗ್ ಹೋಗು, ಮಗಳು ಹೇಳಿದ್ಲು ಅಮ್ಮ ವಾಕಿಂಗ್ ಹೋಗು, ಎದುರು ಮನೆಯವರು ಕಂಪೌಂಡ್ ಆಚೆಯಿಂದ ಹೇಳಿದ್ರು ನೀವು ಸ್ವಲ್ಪ ವಾಕಿಂಗ್ ಎಲ್ಲ ಹೋಗ್ಬೇಕು. ಎಲ್ಲರೂ ಹೇಳಿದ್ದು ಹೋಗು, ಹೋಗು, ಹೋಗು.

ನನ್ನ ಓರಗಿತ್ತಿ ಕೆಳಗಿನ ಮನೆಯಲ್ಲಿರುದು. ಅವಳು ಒಂದಿನ ಸಂಜೆ ಐದೂವರೆಗೆ ಮೇಲೆ ಬಂದು ನನ್ನ ಚಪ್ಪಲಿಯನ್ನು ಬಾಗಿಲ ಹತ್ರ ಜೋಡಿಸಿ ಇಟ್ಟು ‘ಅಕ್ಕ, ಬನ್ನಿ ಹೋಗುವ’ ಅಂದ್ಲು. ಅಷ್ಟೇ. ಎಲ್ಲಿಗೆ, ಯಾಕೆ, ಎಷ್ಟು ದೂರ, ಒಂದೂ ಇಲ್ಲ. ಮೊದಲ ದಿನ ಗೇಟಿನ ತನಕ ಹೋಗಿ ಬಂದದ್ದು, ಎರಡನೇ ದಿನ ರಸ್ತೆಯ ತಿರುವಿನ ತನಕ. ಮೂರನೇ ವಾರಕ್ಕೆ ಅಜ್ಜರಕಾಡಿನ ಸ್ಟೇಡಿಯಂ ಮುಟ್ಟಿದೆವು. ಅವಳಿಗೆ ಬಿ.ಡಿ.ಎನ್.ಎಫ್ ಅನ್ನುವ ಮೆದುಳಿನ ಪ್ರೋಟೀನು ಗೊತ್ತಿಲ್ಲ, ಮನಸ್ಸಿನ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಗೊತ್ತಿಲ್ಲ, ಮನೆಯಲ್ಲಿ ಬೀಡಿ ಕಟ್ಟುವವಳು.

ಬಿ.ಡಿ.ಎನ್.ಎಫ್ ಎಂತ ಅಂತ ಆಮೇಲೆ ನಾನೇ ಓದಿ ತಿಳ್ಕೊಂಡದ್ದು, ಕೆಲಸವೇ ರಕ್ತದ್ದಾದ್ರಿಂದ ನಂಗೆ ಒಂದು ಹುಚ್ಚು ಹಿಡೀತು, ನಡೆದು ಬಂದ ದಿನ ನನ್ನ ಒಳಗೆ ಎಂತ ಆಗ್ತಾ ಉಂಟು ಅಂತ. ಅರ್ಥ ಆದಷ್ಟು ಹೇಳ್ತೇನೆ.

ಮೊದ್ಲು ಕಾರ್ಟಿಸೋಲ್, ಒತ್ತಡದ ಹಾರ್ಮೋನು. ಈ ಟೆಸ್ಟಿಗೆ ನಾವು ಬೆಳಿಗ್ಗೆ ಎಂಟಕ್ಕೇ ಬನ್ನಿ ಅಂತ ಹಟ ಮಾಡುದು ಯಾಕಂದ್ರೆ ಆ ಹಾರ್ಮೋನು ಬೆಳಿಗ್ಗೆ ಏರಿ ಸಂಜೆ ಆಗ್ತಾ ಆಗ್ತಾ ಇಳಿದು ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ತದೆ, ಹೊತ್ತು ತಪ್ಪಿ ತೆಗೆದ್ರೆ ನಂಬರಿಗೆ ಅರ್ಥ ಇಲ್ಲ. ಖಿನ್ನತೆ ಇರುವ ತುಂಬಾ ಜನರಲ್ಲಿ, ಎಲ್ಲರಲ್ಲೂ ಅಲ್ಲ, ಈ ಏರಿಳಿತವೇ ಕೆಡ್ತದೆ, ಇಳೀಬೇಕಾದ ಹೊತ್ತಲ್ಲಿ ಇಳಿಯುದಿಲ್ಲ. ಮೆದುಳಿನಲ್ಲಿ ಹಿಪ್ಪೊಕ್ಯಾಂಪಸ್ ಅಂತ ಒಂದು ಭಾಗ ಉಂಟು, ನೆನಪಿಟ್ಟುಕೊಳ್ಳುವ ಕೆಲಸ ಅದ್ರದ್ದು, ಕಾರ್ಟಿಸೋಲ್ ಜಾಸ್ತಿ ಆದಾಗ ಸಾಕು ನಿಲ್ಸು ಅಂತ ಹೇಳುದ್ರಲ್ಲೂ ಅದ್ರ ಕೈ ಉಂಟು. ಖಿನ್ನತೆ ವರ್ಷಗಟ್ಲೆ ಇದ್ದವರಲ್ಲಿ, ಮತ್ತೆ ಮತ್ತೆ ಬಂದವರಲ್ಲಿ ಅದು ಸರಾಸರಿ ಲೆಕ್ಕದಲ್ಲಿ ಸ್ವಲ್ಪ ಸಣ್ಣ ಇರ್ತದೆ ಅಂತ ಎಂ.ಆರ್.ಐ ನೋಡಿದವರು ಹೇಳ್ತಾರೆ. ಬ್ರೇಕು ಸವೆದ ಬಸ್ಸಿನ ಹಾಗೆ, ಇಳಿಜಾರಲ್ಲಿ ನಿಲ್ಲುದಿಲ್ಲ. ಜೋರಾಗಿ ನಡೆದ್ರೆ ಓಡಿದ್ರೆ ಆ ಹೊತ್ತಿಗೆ ಕಾರ್ಟಿಸೋಲ್ ಏರ್ತದೆ, ಆದ್ರೆ ಏರಿ ಮತ್ತೆ ಇಳೀತದೆ, ಇದು ವಾರಗಟ್ಲೆ ನಡೆದ್ರೆ ದೇಹಕ್ಕೆ ಏರುದು ಮಾತ್ರ ಅಲ್ಲ ಇಳಿಯುದು ಕೂಡ ಅಭ್ಯಾಸ ಆಗ್ತದೆ. ನಂಗೆ ನಡಿಗೆ ಸುರು ಮಾಡಿದ ಮೇಲೆ ಮೊದ್ಲು ವಾಪಸ್ ಬಂದದ್ದು ನಿದ್ದೆ. ಮನಸ್ಸಿನ ಖುಷಿ ಎಲ್ಲ ತುಂಬಾ ತಡ.

ಎರಡನೇದು ಉರಿಯೂತ, ಅಂದ್ರೆ ಸೋಂಕು, ಗಾಯ ಆದಾಗ ದೇಹ ಎದುರು ನಿಲ್ಲುವ ರೀತಿ. ಸಿ.ಆರ್.ಪಿ ಅಂತ ಟೆಸ್ಟ್ ಉಂಟು, ಜ್ವರ ಬಂದ್ರೆ, ಗಾಯ ಕೀವಾದ್ರೆ ಏರುವಂಥದ್ದು, ದಿನಕ್ಕೆ ಹತ್ತಿಪ್ಪತ್ತು ಮಾಡ್ತೇವೆ. ಖಿನ್ನತೆ ಇರುವವರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರಿಗೆ ಸೋಂಕು ಗೀಂಕು ಎಂತದೂ ಇಲ್ಲದೆ ಇದು ಲೀಟರಿಗೆ 3 ಮಿಲಿಗ್ರಾಂಗಿಂತ ಮೇಲೆ ಇರ್ತದಂತೆ, ಸಣ್ಣ ಬೆಂಕಿ ಬೂದಿಯ ಅಡಿಯಲ್ಲಿ ಇರುವ ಹಾಗೆ. ಇನ್ನೊಂದು ಐ.ಎಲ್-6, ಉರಿಯೂತದ ಸಂದೇಶ ಒಯ್ಯುವ ಪ್ರೋಟೀನು, ಕೋವಿಡ್ ಸಮಯದಲ್ಲಿ ಎಲ್ಲರ ಬಾಯಲ್ಲಿ ಇತ್ತಲ್ಲ, ಅದು. ನಾವೆಲ್ಲ ಅದನ್ನು ಕೆಟ್ಟದ್ದು ಅಂತಲೇ ತಿಳ್ಕೊಂಡದ್ದು. ಆದ್ರೆ ಡೆನ್ಮಾರ್ಕಿನ ಬೆಂಟೆ ಪೆಡರ್ಸನ್ ಅನ್ನುವ ವೈದ್ಯೆ ಮತ್ತು ಅವರ ಜೊತೆಯವರು ತೋರಿಸಿಕೊಟ್ಟದ್ದು ಎಂತ ಅಂದ್ರೆ, ಕೆಲಸ ಮಾಡುವ ಸ್ನಾಯುವೇ ಐ.ಎಲ್-6 ಬಿಡ್ತದೆ, ಆಗ ಅದ್ರ ಹಿಂದೆಯೇ ಉರಿಯೂತ ತಗ್ಗಿಸುವ ಐ.ಎಲ್-10 ಥರದವು ಏರ್ತವೆ. ಅದೇ ಪದಾರ್ಥ, ಎಲ್ಲಿಂದ ಬಂತು ಹೇಗೆ ಬಂತು ಅನ್ನುದ್ರ ಮೇಲೆ ಬೆಂಕಿ ಹಚ್ಚುದೂ ಅದೇ ನೀರು ಹಾಕುದೂ ಅದೇ. ಸ್ನಾಯು ಬಿಡುವ ಇಂಥವಕ್ಕೆ ಮಯೋಕೈನ್ ಅಂತ ಹೆಸರು. ಕಾಲು ಅಂದ್ರೆ ನಡೀಲಿಕ್ಕೆ ಅಂತ ತಿಳ್ಕೊಂಡಿದ್ದೆ, ಅದೂ ಒಂದು ಗ್ರಂಥಿಯ ಹಾಗೆ ಕೆಲಸ ಮಾಡ್ತದೆ ಅಂತ ನಂಗೆ 22 ವರ್ಷ ಲ್ಯಾಬಲ್ಲಿದ್ದೂ ಗೊತ್ತಿರ್ಲಿಲ್ಲ.

ಇದಕ್ಕಿಂತ ಚಂದದ್ದು ಇನ್ನೊಂದುಂಟು. ನಾವು ತಿನ್ನುವ ಮೀನು ಮೊಟ್ಟೆ ಬೇಳೆಯಲ್ಲಿ ಟ್ರಿಪ್ಟೋಫಾನ್ ಅಂತ ಪ್ರೋಟೀನಿನ ಒಂದು ತುಣುಕು ಇರ್ತದೆ, ಅದ್ರಿಂದ ಸೆರೊಟೋನಿನ್ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಸೆರೊಟೋನಿನ್ ಆಗುದು ಅದ್ರ ಸ್ವಲ್ಪ ಪಾಲು ಮಾತ್ರ, ಹೆಚ್ಚಿನದ್ದು ಕೈನುರೆನಿನ್ ಅನ್ನುವ ಬೇರೆ ದಾರಿ ಹಿಡೀತದೆ. ಒತ್ತಡ, ಉರಿಯೂತ ಇದ್ದಾಗ ಆ ದಾರಿಗೆ ಇನ್ನೂ ಜಾಸ್ತಿ ಹೋಗ್ತದೆ, ಈ ಕೈನುರೆನಿನ್ ರಕ್ತದಿಂದ ಮೆದುಳಿಗೆ ನುಗ್ತದೆ, ಅಲ್ಲಿ ತೊಂದರೆ ಕೊಡುವ ಪದಾರ್ಥ ಆಗ್ತದೆ. 2014ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕ ಸಂಸ್ಥೆಯವರು ಇಲಿಗಳಲ್ಲಿ ನೋಡಿದ್ದು, ವ್ಯಾಯಾಮದಿಂದ ಪಳಗಿದ ಸ್ನಾಯುವಿನಲ್ಲಿ ಒಂದು ಎಂಜೈಮ್ ಜಾಸ್ತಿ ಆಗ್ತದೆ, ಅದು ರಕ್ತದಲ್ಲಿರುವ ಕೈನುರೆನಿನನ್ನು ಹಿಡಿದು ಕೈನುರೆನಿಕ್ ಆಸಿಡ್ ಮಾಡ್ತದೆ, ಆ ಆಸಿಡ್‌ಗೆ ಮೆದುಳಿನ ಬೇಲಿ, ಅಂದ್ರೆ ರಕ್ತದಲ್ಲಿರುವ ಎಲ್ಲವನ್ನೂ ಮೆದುಳಿನ ಒಳಗೆ ಬಿಡದ ತಡೆ, ದಾಟ್ಲಿಕ್ಕೆ ಆಗುದಿಲ್ಲ. ಅಂದ್ರೆ ತೊಡೆಯ ಸ್ನಾಯು ದಾರಿಯಲ್ಲೇ ತಡೆಹಾಕಿ ಗಾಡಿ ತಿರುಗಿಸಿ ಕಳಿಸ್ತದೆ. ಇಲಿಯಲ್ಲಿ ಇಷ್ಟು ಚಂದ ಕಂಡದ್ದು ಮನುಷ್ಯರಲ್ಲಿ, ಅದೂ ಖಿನ್ನತೆ ಇರುವವರಲ್ಲಿ, ಅಷ್ಟೇ ಚಂದ ಕಾಣ್ಬೇಕು ಅಂತೇನೂ ಇಲ್ಲ, ಅದನ್ನೂ ಹೇಳಿಬಿಡ್ತೇನೆ.

ಇನ್ನು ಆ ಬಿ.ಡಿ.ಎನ್.ಎಫ್, ಮೆದುಳಿನ ನರಕೋಶಗಳು ಬದುಕ್ಲಿಕ್ಕೆ, ಹೊಸ ಕೊಂಡಿ ಹಾಕ್ಲಿಕ್ಕೆ ಬೇಕಾದ ಒಂದು ಪ್ರೋಟೀನು. ತವರಲ್ಲಿ ಮಲ್ಲಿಗೆ ಬುಡಕ್ಕೆ ನೆಲಕಡಲೆ ಹಿಂಡಿ ನೆನೆಸಿ ಹಾಕ್ತೇವಲ್ಲ, ಹಾಗೆ ಅಂತ ಇಟ್ಕೊಳ್ಳಿ. ಖಿನ್ನತೆ ಇರುವವರ ರಕ್ತದಲ್ಲಿ ಸರಾಸರಿ ಕಮ್ಮಿ, ಒಂದು ಸಲ ಬೆವರುವಷ್ಟು ವ್ಯಾಯಾಮ ಮಾಡಿದ್ರೆ ಸ್ವಲ್ಪ ಹೊತ್ತು ಏರ್ತದೆ. ಇಲ್ಲಿ ಲ್ಯಾಬಿನವಳಾಗಿ ಒಂದು ಮಾತು. ಬಿ.ಡಿ.ಎನ್.ಎಫ್ ಹೆಚ್ಚಿನದ್ದು ಪ್ಲೇಟ್‌ಲೆಟ್ ಒಳಗೆ ಕೂತಿರ್ತದೆ, ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟುವಾಗ ಹೊರಗೆ ಬರ್ತದೆ, ಹಾಗಾಗಿ ಸೀರಮಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ನೀರು) ನೋಡಿದ್ರೆ ಒಂದು ನಂಬರು, ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟದ ರಕ್ತದ ನೀರು) ನೋಡಿದ್ರೆ ಬೇರೆಯೇ ನಂಬರು. ಟ್ಯೂಬ್ ಎಷ್ಟು ಹೊತ್ತು ಇಟ್ರು ಅನ್ನುದ್ರ ಮೇಲೂ ಬದಲಾಗ್ತದೆ. ಕೈಯ ನರದಿಂದ ತೆಗೆದ ರಕ್ತದ ಬಿ.ಡಿ.ಎನ್.ಎಫ್ ನೋಡಿ ಮಂಡೆಯೊಳಗಿನ ಕತೆ ಹೇಳ್ತೇವೆ ಅಂದ್ರೆ ನಾನಂತೂ ರಿಪೋರ್ಟಿಗೆ ಸಹಿ ಹಾಕುದಿಲ್ಲ.

ಮೆಸೇಜಲ್ಲಿ ಇದ್ದ ಎಂಡಾರ್ಫಿನ್ ವಿಷಯ ಕೇಳಿ ಈಗ. ರಕ್ತದಲ್ಲಿರುವ ಎಂಡಾರ್ಫಿನ್ ದೊಡ್ಡ ಕಣ, ಮೆದುಳಿನ ಬೇಲಿ ಸುಲಭಕ್ಕೆ ದಾಟುದಿಲ್ಲ. 2021ರಲ್ಲಿ ಜರ್ಮನಿಯಲ್ಲಿ 63 ಜನ ಓಟಗಾರರನ್ನು ನೋಡಿದ್ರು, ಎಂಡಾರ್ಫಿನ್ ಕೆಲಸ ಮಾಡದ ಹಾಗೆ ತಡೆಯುವ ನಾಲ್ಟ್ರೆಕ್ಸೋನ್ ಕೊಟ್ಟು ಓಡ್ಸಿದ್ರೂ ಓಟದ ಖುಷಿ ಕಮ್ಮಿ ಆಗ್ಲಿಲ್ಲ. ನಮ್ಮ ದೇಹವೇ ಮಾಡುವ ಗಾಂಜಾ ಜಾತಿಯ ಪದಾರ್ಥ ಉಂಟು, ಎಂಡೋಕ್ಯಾನಬಿನಾಯ್ಡ್ ಅಂತ, ಕೊಬ್ಬಲ್ಲಿ ಕರಗುವಂಥದ್ದು, ಬೇಲಿ ದಾಟುದು ಅದಕ್ಕೆ ಸುಲಭ, ಸಂಶಯ ಈಗ ಅದ್ರ ಮೇಲೆ. ಹೇಗಿದ್ರೂ ಅದು ಆರೋಗ್ಯವಂತರು ಅರ್ಧ ಗಂಟೆ ಮುಕ್ಕಾಲು ಗಂಟೆ ಓಡಿದಾಗ ಬರುವ ಕುಸಾಲು. ನಂಗೆ ಮೊದಲ ಆರು ವಾರ ಒಂದು ಚಿಟಿಕೆ ಕುಸಾಲೂ ಬರ್ಲಿಲ್ಲ, ಕಾಲು ನೋವು ಮಾತ್ರ.

ಹಾಗಾದ್ರೆ ಇದ್ರಿಂದ ಖಿನ್ನತೆ ಕಮ್ಮಿ ಆಗ್ತದಾ ಇಲ್ವಾ? ಈ ಪ್ರಶ್ನೆಗೆ ಒಂದೇ ಉತ್ತರ ಹೇಳುವವರನ್ನು ನಂಬ್ಬೇಡಿ. 1999ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು 50 ದಾಟಿದ, ಖಿನ್ನತೆ ಇದ್ದ 156 ಜನರನ್ನು ಮೂರು ಪಾಲು ಮಾಡಿ ಒಂದು ಪಾಲಿಗೆ ವ್ಯಾಯಾಮ, ಒಂದು ಪಾಲಿಗೆ ಸರ್ಟ್ರಲೀನ್ ಮಾತ್ರೆ, ಇನ್ನೊಂದಕ್ಕೆ ಎರಡೂ ಕೊಟ್ರು. 16 ವಾರ ಆದ ಮೇಲೆ ಮೂರೂ ಪಾಲು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿತ್ತು, ಆದ್ರೆ ಸುರುವಿಗೆ ಬೇಗ ಗುಣ ಕಂಡದ್ದು ಮಾತ್ರೆಯವರಿಗೆ. 2012ರಲ್ಲಿ ಬ್ರಿಟನ್ನಿನಲ್ಲಿ 361 ಜನರನ್ನು ನೋಡಿದಾಗ, ಮಾಮೂಲಿ ಚಿಕಿತ್ಸೆಯ ಜೊತೆ ವ್ಯಾಯಾಮ ಮಾಡ್ಲಿಕ್ಕೆ ಸಲಹೆ, ಉತ್ತೇಜನ ಕೊಟ್ಟವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಎಂತದೂ ಹೆಚ್ಚು ಗುಣ ಆಗ್ಲಿಲ್ಲ. ಡೆನ್ಮಾರ್ಕಿನವರು 2014ರಲ್ಲಿ ಖಿನ್ನತೆ ಇದ್ದವರ ಹಿಪ್ಪೊಕ್ಯಾಂಪಸ್ಸನ್ನೇ ಅಳೆದ್ರು, ಮೂರು ತಿಂಗಳ ಏರೋಬಿಕ್ ವ್ಯಾಯಾಮದಿಂದ ಅದು ದೊಡ್ಡದೂ ಆಗ್ಲಿಲ್ಲ, ಬಿ.ಡಿ.ಎನ್.ಎಫ್ ಕೂಡ ಏರ್ಲಿಲ್ಲ. ಹಿಪ್ಪೊಕ್ಯಾಂಪಸ್ 2 ಪರ್ಸೆಂಟ್ ದೊಡ್ಡದಾಯ್ತು ಅಂತ ಫಾರ್ವರ್ಡಿನಲ್ಲಿ ಬರ್ತದಲ್ಲ, ಅದು 2011ರ ಅಧ್ಯಯನ, ವಾರಕ್ಕೆ ಮೂರು ದಿನ 40 ನಿಮಿಷ ಒಂದು ವರ್ಷ ನಡೆದ ವಯಸ್ಸಾದವರದ್ದು, ಅವ್ರಿಗೆ ಖಿನ್ನತೆ ಇರ್ಲಿಲ್ಲ. 2024ರಲ್ಲಿ ಬಿ.ಎಂ.ಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ 218 ಅಧ್ಯಯನ, 14,170 ಜನರ ಲೆಕ್ಕ ಒಟ್ಟು ಹಾಕಿ ಬಂತು, ನಡಿಗೆ, ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಎಲ್ಲದ್ರಿಂದ ಮಧ್ಯಮ ಮಟ್ಟದ ಪ್ರಯೋಜನ ಉಂಟು, ಬಿರುಸಾದಷ್ಟು ಗುಣ ಜಾಸ್ತಿ ಅಂತ. ಅದ್ರಲ್ಲೂ ಸೇರಿಸಿದ ಅಧ್ಯಯನಗಳಲ್ಲಿ ಹೆಚ್ಚಿನವುಗಳ ಗುಣಮಟ್ಟ ಕಮ್ಮಿ ಅಂತ ಅವರೇ ಬರ್ದಿದ್ದಾರೆ.

ಇದೆಲ್ಲ ಓದಿ ನಂಗೆ ಕಂಡದ್ದು ಒಂದು. ಡ್ಯೂಕಿನವರು ಜನರನ್ನು ವಾರಕ್ಕೆ ಮೂರು ಸಲ ಕರೆಸಿ, ಒಟ್ಟಿಗೆ, ಒಬ್ರು ಪಕ್ಕದಲ್ಲಿ ನಿಂತು ನೋಡ್ತಾ 30 ನಿಮಿಷ ನಡೆಸಿದ್ದು. ಬ್ರಿಟನ್ನಿನವರು ಕೊಟ್ಟದ್ದು ಸಲಹೆ, ನಡೆಯುದು ಅವರವರ ಪಾಡಿಗೆ. ಎರಡೂ ಕಡೆ ಬೇರೆ ವ್ಯತ್ಯಾಸ ಬೇಕಷ್ಟು ಉಂಟು, ನಾನೇನು ವಿಜ್ಞಾನಿ ಅಲ್ಲ, ಆದ್ರೆ ‘ಹೋಗಿ’ ಮತ್ತು ‘ಬನ್ನಿ ಹೋಗುವ’ ಎರಡ್ರ ವ್ಯತ್ಯಾಸ ಎಂತ ಅಂತ ನಂಗೆ ಮೈಯಲ್ಲೇ ಗೊತ್ತುಂಟು. ಈ ಕಾಯಿಲೆ ಮೊದ್ಲು ಕಿತ್ತುಕೊಳ್ಳುದೇ ಏಳುವ ಶಕ್ತಿಯನ್ನು, ಮಾಡಿದ್ರೆ ಒಳ್ಳೆದಾಗ್ತದೆ ಅನ್ನುವ ಆಸೆಯನ್ನು. ಕಾಲು ಮುರಿದವನಿಗೆ ನಡೆದ್ರೆ ಎಲುಬು ಗಟ್ಟಿ ಆಗ್ತದೆ ನಡಿ ಅಂತ ಹೇಳ್ತೇವಾ? ಮತ್ತೆ ಖಿನ್ನತೆ ಇರುವವಳು ನಡೀದಿದ್ರೆ ಸೋಮಾರಿ ಅಂತ ಹೆಸರು ಬೇರೆ. ನಂಗೆ ಆ ಹೆಸರೂ ಆಗಿತ್ತು.

ಈಗ ಮಾತ್ರೆ ವಿಷಯ, ಇದು ಕತ್ತರಿಸ್ಬೇಡಿ. ಏಳು ತಿಂಗಳಾದ ಮೇಲೆ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ದೂರದ ಸಂಬಂಧಿಕರೊಬ್ರು ‘ಈಗ ನೀವು ಚೆನ್ನಾಗಿದ್ದೀರಲ್ಲ, ನಡೀತಾ ಇದ್ದೀರಲ್ಲ, ಇನ್ನು ಆ ಮಾತ್ರೆ ಎಂತಕ್ಕೆ, ಅಭ್ಯಾಸ ಆಗ್ತದೆ’ ಅಂದ್ರು. ಲ್ಯಾಬಲ್ಲಿ ಕೆಲಸ ಮಾಡುವ ನಾನು, ಬೇರೆಯವ್ರಿಗೆ ಬುದ್ಧಿ ಹೇಳುವ ನಾನು, ಮಾರನೇ ದಿನವೇ ಒಮ್ಮೆಲೇ ಬಿಟ್ಟೆ, ಯಾರಿಗೂ ಹೇಳದೆ. ಮೂರನೇ ದಿನಕ್ಕೆ ತಲೆ ತಿರುಗ್ಲಿಕ್ಕೆ ಸುರು, ಕಣ್ಣು ಆಚೆ ಈಚೆ ಮಾಡಿದ್ರೆ ಮಂಡೆ ಒಳಗೆ ಸಣ್ಣ ಕರೆಂಟ್ ಹೊಡೆದ ಹಾಗೆ, ರಾತ್ರಿ ಕೆಟ್ಟ ಕನಸು. ಸಿಟಿ ಬಸ್ಸಿನಲ್ಲಿ ನಿಂತಿದ್ದವಳು ಕಂಬ ಹಿಡ್ಕೊಂಡು ಹಾಗೇ ಕುಸಿದು ಕೂತೆ, ಕಂಡಕ್ಟರ್ ಮಾರಾಯ ನೀರು ಕೊಟ್ಟ. ಡಾಕ್ಟ್ರು ಬೈಲಿಲ್ಲ, ಪುನಃ ಸುರು ಮಾಡ್ಸಿ ಆಮೇಲೆ ಬೇಕಾದಾಗ ಡೋಸ್ ಮೆಲ್ಲ ಮೆಲ್ಲ ಇಳಿಸಿದ್ರು, ಅದಕ್ಕೇ ತಿಂಗಳುಗಟ್ಲೆ ಹಿಡೀತು. ಅಭ್ಯಾಸ ಆಗುದು ಅಂದ್ರೆ ಕುಡಿತದ ಹಾಗೆ ಅಲ್ಲ, ಒಮ್ಮೆಲೇ ತೆಗೆದ್ರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುದಿಲ್ಲ ಅಷ್ಟೇ. ನಡಿಗೆ ಕೆಲವರಿಗೆ ಮಾತ್ರೆಯಷ್ಟೇ ಆಗ್ಬಹುದು, ಕೆಲವರಿಗೆ ಮಾತ್ರೆಯ ಜೊತೆ, ಕೆಲವರಿಗೆ ಎರಡೂ ಸಾಲದೆ ಬೇರೆ ಚಿಕಿತ್ಸೆ ಬೇಕಾಗ್ಬಹುದು, ಅದನ್ನು ಹೇಳುವವರು ಡಾಕ್ಟ್ರು, ಉಪನಯನದ ಪಂಕ್ತಿಯಲ್ಲಿ ಪಾಯಸ ಕಾಯ್ತಾ ಕೂತವರಲ್ಲ. ಜೀವ ಬೇಡ ಅನ್ನುವ ಯೋಚನೆ ಬರುವವರಿಗಂತೂ ವಾಕಿಂಗ್ ಉಪದೇಶ ಮಾಡ್ಲೇಬೇಡಿ, ಆ ಕ್ಷಣಕ್ಕೆ ಜೊತೆಗೆ ಕೂತು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಲ್ಲ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ನಂಬರು, ದುಡ್ಡು ಇಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಎಷ್ಟು ನಡೀಬೇಕು ಅಂತ ಕೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಅಂತದೆ. ನನ್ನ ಲೆಕ್ಕ ಸುಲಭ ಉಂಟು, ನಡೆಯುವಾಗ ಜೊತೆಯವಳ ಹತ್ರ ಮಾತಾಡ್ಲಿಕ್ಕೆ ಆಗ್ಬೇಕು, ಭಾಗವತಿಕೆ ಮಾಡ್ಲಿಕ್ಕೆ ಆಗ್ಬಾರ್ದು. ಆದ್ರೆ ಸುರುವಿಗೆ ಗೇಟಿನ ತನಕ ಹೋದ್ರೂ ಆಯ್ತು. ಹಾರ್ಟಿನ ತೊಂದ್ರೆ ಇರುವವರು ಡಾಕ್ಟ್ರ ಹತ್ರ ಒಂದು ಮಾತು ಕೇಳಿ.

ಈಗ ಅಸಲು ವಿಷಯಕ್ಕೆ ಬರ್ತೇನೆ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20ರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದ್ರೂ ಖಿನ್ನತೆ ಬಂದಿರ್ತದೆ. ಮಣಿಪಾಲಕ್ಕೆ ಹೋಗುವ ಒಂದು ಸಿಟಿ ಬಸ್ಸಿನಲ್ಲಿ 40 ಜನ ಇದ್ರೆ ಅಂಥವರು ಇಬ್ರು. ನಮ್ಮ ಜಿಲ್ಲಾಸ್ಪತ್ರೆ ಇರುದು ಅಜ್ಜರಕಾಡಿನಲ್ಲಿ, ಸ್ಟೇಡಿಯಂ ಇರುದೂ ಅಜ್ಜರಕಾಡಿನಲ್ಲಿ, ಭುಜಂಗ ಪಾರ್ಕ್ ಇರುದೂ ಅಲ್ಲೇ. ಇಷ್ಟು ಹತ್ರ ಇಟ್ಕೊಂಡು, ವಾರಕ್ಕೆ ಮೂರು ಸಂಜೆ ಒಬ್ರು ನರ್ಸೋ, ಕೌನ್ಸೆಲರೋ ಹತ್ತು ಜನರನ್ನು ಒಟ್ಟು ಮಾಡಿ ಅರ್ಧ ಗಂಟೆ ನಡೆಸ್ಲಿಕ್ಕೆ ಆಗುದಿಲ್ವಾ? ಮಿಷನ್ ಬೇಡ, ಕಟ್ಟಡ ಬೇಡ, ಉದ್ಘಾಟನೆ ಬೇಡ, ಬೋರ್ಡೂ ಬೇಡ, ಖಿನ್ನತೆಯವರ ನಡಿಗೆ ಅಂತ ಬೋರ್ಡ್ ಹಾಕಿದ್ರೆ ಒಬ್ರೂ ಬರುದಿಲ್ಲ. ಬಾರದವರಿಗೆ ಒಂದು ಫೋನ್ ಮಾಡಿ ‘ನಾಳೆ ಬನ್ನಿ ಆಯ್ತಾ’ ಅಂತ ಹೇಳುವ ಒಬ್ಬರು ಬೇಕು. ಮತ್ತೆ ಕತ್ತಲಾದ ಮೇಲೆ ಹೆಂಗಸರಿಗೆ ನಡೀಲಿಕ್ಕೆ ಆಗುವ ಹಾಗೆ ದಾರಿದೀಪ ಉರೀಬೇಕು, ನಾಯಿಗಳದ್ದೊಂದು ವ್ಯವಸ್ಥೆ ಆಗ್ಬೇಕು, ಮಾರ್ಗದ ಬದಿಯ ಚರಂಡಿಗೆ ಮುಚ್ಚಿದ ಚಪ್ಪಡಿ ಒಡೆದಲ್ಲಿ ಸರಿ ಮಾಡ್ಬೇಕು, ಇದೆಲ್ಲ ನಿಮ್ಮ ಪೇಪರಲ್ಲಿ ವಾರಕ್ಕೊಮ್ಮೆ ಬರ್ತದೆ, ನಾನು ಪುನಃ ಉದ್ದ ಮಾಡುದಿಲ್ಲ.

ಆದ್ರೆ ಮಳೆ ಬಗ್ಗೆ ಹೇಳ್ಲೇಬೇಕು. ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹೊಡೆಯುವ ಮಳೆಗೆ ಎಂಥ ಗಟ್ಟಿ ಮನುಷ್ಯನ ವಾಕಿಂಗೂ ನಿಲ್ತದೆ. ನಂಗೆ ಎರಡನೇ ವರ್ಷ ಆಟಿ ತಿಂಗಳಲ್ಲಿ ಹದಿನೈದು ದಿನ ನಡಿಗೆ ತಪ್ಪಿತು, ಮತ್ತೆ ಮೂರೂವರೆಗೆ ಎಚ್ಚರ ಆಗ್ಲಿಕ್ಕೆ ಸುರು ಆಯ್ತು. ಓರಗಿತ್ತಿ ಮನೆಯ ಜಗಲಿಯಲ್ಲೇ ಆಚೆಯಿಂದ ಈಚೆ ನಡೆಸಿದ್ಲು, 30 ನಿಮಿಷ, ಬೀಡಿ ಸೊಪ್ಪಿನ ಬುಟ್ಟಿ ಬದಿಗೆ ಸರಿಸಿಟ್ಟು. ಒಂಬತ್ತು ಹೆಜ್ಜೆಗೆ ಗೋಡೆ, ತಿರುಗು, ಒಂಬತ್ತು ಹೆಜ್ಜೆಗೆ ಗೋಡೆ. ಆಗ ಹೊಳೆದದ್ದು ಇದು. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ ಇಷ್ಟೊಂದು ಸಭಾಭವನ, ಕಲ್ಯಾಣ ಮಂಟಪ ಬೀಗ ಹಾಕಿ ಕೂತಿರ್ತವೆ. ಭಾನುವಾರ ‘ಆಟಿಡೊಂಜಿ ದಿನ’ ಅಂತ ಆಟಿಯ ತಿಂಡಿ-ಊಟದ ಕೂಟ ಇರ್ತದೆ, ಪತ್ರೊಡೆ ತಿನ್ಲಿಕ್ಕೆ ನಾನೂ ಹೋಗ್ತೇನೆ, ಬಿಡಿ. ಉಳಿದ ಆರು ದಿನ? ಸಂಜೆ ಒಂದು ಗಂಟೆ ಬಾಗಿಲು ತೆಗೆದು ಕುರ್ಚಿಗಳನ್ನು ಗೋಡೆ ಬದಿಗೆ ಅಟ್ಟಿ ಇಟ್ರೆ ಸಾಕು, ಊಟದ ಹಾಲಿನಲ್ಲಿ ನೂರು ಜನ ಆರಾಮ ಸುತ್ತು ಹೊಡೀಬಹುದು. ಚಪ್ಪಲಿ ಹೊರಗೆ ಬಿಡ್ತೇವೆ, ನೆಲ ಒದ್ದೆ ಮಾಡುದಿಲ್ಲ, ಕರೆಂಟ್ ಬಿಲ್ಲಿಗೆ ಬೇಕಾದ್ರೆ ಹುಂಡಿ ಇಡಿ. ದೇವಸ್ಥಾನದ, ಸಂಘದ, ಚರ್ಚಿನ ಹಾಲ್ ಇರುವ ಆಡಳಿತ ಮಂಡಳಿಯವರು ಈ ಪತ್ರ ಓದಿದ್ರೆ ದಯವಿಟ್ಟು ಮುಂದಿನ ಮೀಟಿಂಗಲ್ಲಿ ಒಮ್ಮೆ ಎತ್ತಿ.

ನಮ್ಮ ಹಿಂದಿನ ಮನೆಯಲ್ಲಿ ಒಬ್ರು ಇದ್ದಾರೆ, ಗಂಡ ಹೋಗಿ ಆರು ತಿಂಗಳು, ಮಗ ದುಬೈಯಲ್ಲಿ. ಬಾಗಿಲು ಹಾಕಿಕೊಂಡೇ ಇರ್ತಾರೆ. ಓರಗಿತ್ತಿ ಮತ್ತು ನಾನು ಒಂದು ವಾರದಿಂದ ದಿನಾ ಐದೂವರೆಗೆ ಹೋಗಿ ಬಾಗಿಲು ತಟ್ತಾ ಇದ್ದೇವೆ. ಮೂರು ದಿನ ತೆಗೀಲೇ ಇಲ್ಲ, ಕಿಟಕಿಯಿಂದ ನಾಳೆ ಬರ್ತೇನೆ ಅಂದ್ರು. ನಾಲ್ಕನೇ ದಿನ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದು ಆಕಾಶ ನೋಡಿ ಒಳಗೆ ಹೋದ್ರು. ನಿನ್ನೆ ತುಳಸಿ ಕಟ್ಟೆ ತನಕ ಬಂದ್ರು. ಕೊಡೆ ಸಿಗ್ಲಿಲ್ಲ ಅನ್ನುವ ನೆಪ ಬೇಡ ಅಂತ ಇವತ್ತು ನಾವು ಮೂರು ಕೊಡೆ ತಗೊಂಡು ಹೋಗ್ತಾ ಇದ್ದೇವೆ.

ಇಂತಿ,
ಒಬ್ಬ ಓದುಗಳು
ಅಜ್ಜರಕಾಡು, ಉಡುಪಿ